ಕತ್ತಿಯ ಮೇಲಿನ ಕೆಂಪು, ಕೋಶದೊಳಗಿನ ತಾಮ್ರ

ಮಲೆನಾಡಿನ ಅಡಿಕೆ ತೋಟಗಳಲ್ಲಿ ಮೇ ತಿಂಗಳ ಕೊನೆಯೆಂದರೆ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಕಾಲ. ಮಳೆ ಹಿಡಿಯುವ ಮೊದಲೇ ಅಡಿಕೆಯ ಕೊನೆಗಳಿಗೆ (ಗೊಂಚಲುಗಳಿಗೆ) ಮೊದಲ ಸುತ್ತಿನ ಬೋರ್ಡೋ ದ್ರಾವಣ ಬೀಳಬೇಕು. ತಡವಾದರೆ ಜಡಿಮಳೆಯಲ್ಲಿ ಎಳೆ ಅಡಿಕೆ ಕೊಳೆತು ಉದುರುವುದನ್ನು ನೋಡುತ್ತ ಕೂರಬೇಕಾಗುತ್ತದೆ. ನಮ್ಮ ಮನೆಯಲ್ಲಿ ದ್ರಾವಣ ಕೂಡಿಸುವ ಕೆಲಸವನ್ನು ಅಪ್ಪಯ್ಯ ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಹಿಂದಿನ ರಾತ್ರಿಯೇ ಒಂದು ಕಿಲೋ ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಪ್ಲಾಸ್ಟಿಕ್ ಡ್ರಮ್ಮಿನ ನೀರಿನಲ್ಲಿ ತೂಗುಬಿಡುತ್ತಿದ್ದರು. ಬೆಳಗ್ಗೆ ಇನ್ನೊಂದು ಡ್ರಮ್ಮಿನಲ್ಲಿ ಒಂದು ಕಿಲೋ ಸುಣ್ಣವನ್ನು ಅರಳಿಸಿ, ಸೋಸಿ, ಆ ಸುಣ್ಣದ ಹಾಲಿಗೆ ತುತ್ತದ ನೀಲಿ ನೀರನ್ನು ಸಣ್ಣಗೆ ಸುರಿಯುತ್ತ, ಕೋಲಿನಿಂದ ತಿರುವುತ್ತ, ಒಟ್ಟು 100 ಲೀಟರಿಗೆ ತರುತ್ತಿದ್ದರು. ಆಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ, ತುಸು ಹೊತ್ತು ಬಿಟ್ಟು, ಎತ್ತಿ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಅಲಗಿನ ಮೇಲೆ ತಾಮ್ರಗೆಂಪು ಮೂಡಿದ್ದರೆ, "ಇನ್ನೊಂದು ಬೊಗಸೆ ಸುಣ್ಣ ತಾ" ಎನ್ನುತ್ತಿದ್ದರು. ಅಲಗು ಅದ್ದಿದ ಹಾಗೆಯೇ ಹೊರಬಂದರೆ ಮಾತ್ರ ದ್ರಾವಣ ಮರವೇರಿ ಸಿಂಪಡಿಸುವ ಕೊನೆಗಾರನ ಕೈಗೆ ಹೋಗುತ್ತಿತ್ತು.

ಆ ಕತ್ತಿ ಅಳೆಯುತ್ತಿದ್ದುದು ಏನನ್ನು ಎಂಬುದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ನಂತರ, ಸೂಕ್ಷ್ಮಜೀವಿಶಾಸ್ತ್ರ ಓದುವಾಗ. ಡ್ರಮ್ಮಿನಲ್ಲಿರುವ ಒಟ್ಟು ತಾಮ್ರವು ಸುಣ್ಣ ಹಾಕುವ ಮೊದಲು ಎಷ್ಟಿತ್ತೋ ಹಾಕಿದ ನಂತರವೂ ಅಷ್ಟೇ ಇರುತ್ತದೆ. ಬದಲಾಗುವುದು ಅದರ ಸ್ಥಿತಿ. ಸುಣ್ಣವು ತಾಮ್ರವನ್ನು ಕರಗದ ಗಷ್ಟಾಗಿ ಹಿಡಿದಿಡುತ್ತದೆ. ಹಿಡಿತಕ್ಕೆ ಸಿಗದೆ ನೀರಿನಲ್ಲಿ ಅಲೆಯುವ ಬಿಡಿ ತಾಮ್ರದ ಅಯಾನುಗಳು ಉಳಿದಿದ್ದರೆ ಮಾತ್ರ ಅವು ಕಬ್ಬಿಣವನ್ನು ಕರಗಿಸಿ ಅದರ ಜಾಗದಲ್ಲಿ ತಾವು ಕೂರುತ್ತವೆ. ಎಳೆಯ ಅಡಿಕೆಯನ್ನು ಸುಡುವುದು ಆ ಬಿಡಿ ತಾಮ್ರವೇ. ಅಪ್ಪಯ್ಯನ ಕತ್ತಿ "ಎಷ್ಟು ತಾಮ್ರವಿದೆ" ಎಂದು ಕೇಳುತ್ತಿರಲಿಲ್ಲ, "ಬಿಡಿಯಾಗಿ ಏನಾದರೂ ಉಳಿದಿದೆಯೇ" ಎಂದು ಕೇಳುತ್ತಿತ್ತು. ಬ್ಯಾಕ್ಟೀರಿಯಾಗಳು ವಿಷವನ್ನು ಗುರುತಿಸುವ ವಿಧಾನಗಳ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಪಾದರಸ, ಆರ್ಸೆನಿಕ್, ಹೈಡ್ರೋಜನ್ ಪೆರಾಕ್ಸೈಡ್ ಹೀಗೆ ಒಂದೊಂದು ವಿಷಕ್ಕೂ ಅವುಗಳ ಬಳಿ ಒಂದೊಂದು ಕಾವಲು ಪ್ರೋಟೀನ್ ಇದೆ. ನಾನು ತಾಮ್ರವನ್ನೇ ಆರಿಸಿಕೊಂಡದ್ದಕ್ಕೆ ಆ ಕತ್ತಿಯೇ ಕಾರಣ, ಏಕೆಂದರೆ ನಮ್ಮ ಕರುಳಿನಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ತನ್ನೊಳಗೆ ಕೇಳಿಕೊಳ್ಳುವ ಪ್ರಶ್ನೆಯೂ ಅದೇ.

ವಿದ್ಯಾರ್ಥಿಯಾಗಿದ್ದಾಗ ನಾನು ಮಾಡಿದ ಮೊದಲ ಸ್ವತಂತ್ರ ಪ್ರಯೋಗವೇ ನನ್ನನ್ನು ಗೊಂದಲಕ್ಕೆ ದೂಡಿತ್ತು. ಯೀಸ್ಟಿನ ಸಾರ ಮತ್ತು ಪ್ರೋಟೀನಿನ ಪಚನದಿಂದ ತಯಾರಿಸಿದ ಪೌಷ್ಟಿಕ ಮಾಧ್ಯಮದ ತಟ್ಟೆಗಳಿಗೆ ಬೇರೆ ಬೇರೆ ಪ್ರಮಾಣದ ತಾಮ್ರದ ಸಲ್ಫೇಟ್ ಬೆರೆಸಿ, ಅವುಗಳ ಮೇಲೆ ಇ. ಕೋಲೈ ಹರಡಿ, ಯಾವ ಪ್ರಮಾಣದಲ್ಲಿ ಬೆಳವಣಿಗೆ ನಿಲ್ಲುತ್ತದೆ ಎಂದು ನೋಡಬೇಕಿತ್ತು. ಮರುದಿನ ನೋಡಿದರೆ ಲೀಟರಿಗೆ 100 ಮಿಲಿಗ್ರಾಂಗೂ ಹೆಚ್ಚು ತಾಮ್ರವಿದ್ದ, ಕಣ್ಣಿಗೇ ಹಸಿರುನೀಲಿಯಾಗಿ ಕಾಣುತ್ತಿದ್ದ ತಟ್ಟೆಗಳಲ್ಲಿಯೂ ಬ್ಯಾಕ್ಟೀರಿಯಾ ಸಲೀಸಾಗಿ ಬೆಳೆದಿತ್ತು. ಇದಕ್ಕೆ ಹೋಲಿಸಿದರೆ ಗ್ಲೂಕೋಸ್ ಮತ್ತು ಕೆಲವು ಲವಣಗಳು ಮಾತ್ರ ಇರುವ ಸರಳ ಮಾಧ್ಯಮದಲ್ಲಿ ಅದರ ಒಂದು ಸಣ್ಣ ಅಂಶದಷ್ಟು ತಾಮ್ರಕ್ಕೇ ಅವು ಕುಂಠಿತವಾಗುತ್ತಿದ್ದವು. ನಾನು ತೂಕದಲ್ಲಿ ತಪ್ಪಿದ್ದೇನೆಂದು ಭಾವಿಸಿ ಎರಡು ಬಾರಿ ಮತ್ತೆ ಮಾಡಿದೆ. ತೂಕ ಸರಿಯಾಗಿಯೇ ಇತ್ತು. ಪೌಷ್ಟಿಕ ಮಾಧ್ಯಮದಲ್ಲಿರುವ ಅಮೈನೋ ಆಮ್ಲಗಳು ಮತ್ತು ಪ್ರೋಟೀನಿನ ತುಣುಕುಗಳು ತಾಮ್ರವನ್ನು ಸುಣ್ಣದ ಹಾಗೆಯೇ ಹಿಡಿದಿಟ್ಟುಕೊಂಡಿದ್ದವು. ಬಾಟಲಿಯ ಮೇಲೆ ಬರೆದ ಪ್ರಮಾಣಕ್ಕೂ ಬ್ಯಾಕ್ಟೀರಿಯಾ ಎದುರಿಸುವ ಪ್ರಮಾಣಕ್ಕೂ ಇರುವ ಅಂತರವನ್ನು ನಾನು ಅಂದು ಕಂಡದ್ದು.

ಹಾಗಾದರೆ ಕೋಶದೊಳಗೆ ನುಗ್ಗಿದ ತಾಮ್ರ ಮಾಡುವ ಹಾನಿ ಯಾವುದು? ನಾನು ಓದಿದ ಹಳೆಯ ಪಠ್ಯಗಳಲ್ಲಿ, ತಾಮ್ರವು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ವರ್ತಿಸಿ ಅತ್ಯಂತ ಚುರುಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ, ಅವು ಡಿಎನ್ಎಯನ್ನು ಕತ್ತರಿಸುತ್ತವೆ ಎಂಬ ವಿವರಣೆ ಇತ್ತು. ಪ್ರನಾಳದಲ್ಲಿ ಅದು ನಿಜ. ಆದರೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜೇಮ್ಸ್ ಇಮ್ಲೇ ಅವರ ಪ್ರಯೋಗಾಲಯ 2007ರಲ್ಲಿ ಜೀವಂತ ಇ. ಕೋಲೈ ಒಳಗೆ ನೋಡಿದಾಗ, ತಾಮ್ರ ತುಂಬಿಕೊಂಡ ಕೋಶಗಳಲ್ಲಿ ಪೆರಾಕ್ಸೈಡಿನಿಂದ ಡಿಎನ್ಎಗೆ ಆಗುವ ಹಾನಿ ಹೆಚ್ಚುವ ಬದಲು ಕಡಿಮೆಯಾಗಿತ್ತು. ಎರಡು ವರ್ಷಗಳ ನಂತರ ಅದೇ ಪ್ರಯೋಗಾಲಯ ನಿಜವಾದ ಗುರಿಯನ್ನು ತೋರಿಸಿತು. ಕೆಲವು ಕಿಣ್ವಗಳ ತೆರೆದ ಬದಿಯಲ್ಲಿ ಕಬ್ಬಿಣ ಮತ್ತು ಗಂಧಕದ ಪರಮಾಣುಗಳು ಸೇರಿ ಒಂದು ಪುಟ್ಟ ಗುಚ್ಛವಾಗಿ ಕುಳಿತಿರುತ್ತವೆ. ತಾಮ್ರಕ್ಕೆ ಗಂಧಕದ ಮೇಲೆ ಕಬ್ಬಿಣಕ್ಕಿಂತ ಹೆಚ್ಚಿನ ಒಲವು. ಅದು ಗಂಧಕವನ್ನು ಹಿಡಿದು ಕಬ್ಬಿಣವನ್ನು ಹೊರಗೆ ತಳ್ಳುತ್ತದೆ, ಗುಚ್ಛ ಒಡೆಯುತ್ತದೆ, ಕಿಣ್ವ ನಿಂತುಹೋಗುತ್ತದೆ. ಲ್ಯೂಸಿನ್, ವ್ಯಾಲಿನ್‌ನಂಥ ಕವಲುಸರಪಳಿಯ ಅಮೈನೋ ಆಮ್ಲಗಳನ್ನು ತಯಾರಿಸುವ ಹಾದಿಯಲ್ಲಿ ಇಂಥ ಕಿಣ್ವಗಳಿವೆ. ಆ ಅಮೈನೋ ಆಮ್ಲಗಳನ್ನು ಹೊರಗಿನಿಂದ ಕೊಟ್ಟರೆ ತಾಮ್ರದಿಂದ ನರಳುತ್ತಿದ್ದ ಬ್ಯಾಕ್ಟೀರಿಯಾ ಚೇತರಿಸಿಕೊಳ್ಳುತ್ತದೆ. ಕತ್ತಿಯ ಅಲಗಿನ ಮೇಲೆ ನಡೆಯುವ ಸ್ಥಾನಪಲ್ಲಟದ ರಸಾಯನಶಾಸ್ತ್ರವೂ ಕಿಣ್ವದ ಗುಚ್ಛದಲ್ಲಿ ನಡೆಯುವ ರಸಾಯನಶಾಸ್ತ್ರವೂ ಒಂದೇ ಅಲ್ಲ, ಆದರೆ ಎರಡರಲ್ಲೂ ತಾಮ್ರ ಬಂದು ಕಬ್ಬಿಣ ಜಾಗ ಖಾಲಿಮಾಡುವ ಸಾಮ್ಯ ನನ್ನನ್ನು ಈಗಲೂ ಹಿಡಿದು ನಿಲ್ಲಿಸುತ್ತದೆ.

ಈಗ ಕಾವಲಿನ ವಿಷಯಕ್ಕೆ ಬರುತ್ತೇನೆ. ಇ. ಕೋಲೈ ಕೋಶದ ಒಳಭಾಗದಲ್ಲಿ ತಾಮ್ರವನ್ನು ಗುರುತಿಸುವ ಪ್ರೋಟೀನಿನ ಹೆಸರು ಕ್ಯೂ-ಆರ್. ಅಂಗಡಿಯಲ್ಲಿ ಹಣ ಕೊಡಲು ಬಳಸುವ ಚೌಕಗಳ ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಮ್ರವನ್ನು ಹೊರಹಾಕುವ ವ್ಯವಸ್ಥೆಯ ನಿಯಂತ್ರಕ ಎಂಬುದರ ಸಂಕ್ಷಿಪ್ತ ರೂಪವಿದು. ಇದರ ಸೂಕ್ಷ್ಮತೆಯನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಥಾಮಸ್ ಒ'ಹ್ಯಾಲರನ್ ಮತ್ತು ಅಲ್ಫೋನ್ಸೋ ಮೊಂಡ್ರಗೋನ್ ಅವರ ತಂಡಗಳು 2003ರಲ್ಲಿ ಅಳೆದು ಪ್ರಕಟಿಸಿದವು. ಬಿಡಿ ತಾಮ್ರದ ಪ್ರಮಾಣ 10⁻²¹ ಮೋಲಾರ್ (ಮೋಲಾರ್ ಎಂಬುದು ಸಾಂದ್ರತೆಯ ಅಳತೆ) ಆಸುಪಾಸಿನಲ್ಲಿದ್ದಾಗಲೇ ಕ್ಯೂ-ಆರ್ ಎಚ್ಚೆತ್ತುಕೊಳ್ಳುತ್ತದೆ ಎಂಬುದು ಅವರ ಫಲಿತಾಂಶ. ಈ ಸಂಖ್ಯೆಯನ್ನು ಮೊದಲ ಸಲ ಓದಿದಾಗ ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಇ. ಕೋಲೈ ಕೋಶವೊಂದರ ಗಾತ್ರ ಸುಮಾರು 10⁻¹⁵ ಲೀಟರ್. ಅಷ್ಟು ಚಿಕ್ಕ ಜಾಗದಲ್ಲಿ ತಾಮ್ರದ ಒಂದೇ ಒಂದು ಪರಮಾಣು ಬಿಡಿಯಾಗಿದ್ದರೂ ಅದರ ಸಾಂದ್ರತೆ 10⁻⁹ ಮೋಲಾರ್ ಆಸುಪಾಸು ಆಗುತ್ತದೆ. ಕ್ಯೂ-ಆರ್ ಎಚ್ಚರಗೊಳ್ಳುವ ಮಟ್ಟವು ಅದಕ್ಕಿಂತಲೂ ಸರಿಸುಮಾರು ಒಂದು ಲಕ್ಷ ಕೋಟಿ ಪಟ್ಟು ಕೆಳಗಿದೆ.

ಒಂದು ಪರಮಾಣುವಿಗಿಂತ ಕಡಿಮೆ ಎಂದರೆ ಏನರ್ಥ ಎಂಬ ಪ್ರಶ್ನೆ ಸಹಜ. ಆ ಸಂಖ್ಯೆ ಹೇಳುವುದು ಇಷ್ಟು: ಆರೋಗ್ಯವಾಗಿರುವ ಕೋಶದೊಳಗೆ ಬಿಡಿ ತಾಮ್ರ ಎಂಬುದೇ ಇರುವುದಿಲ್ಲ, ಇರಲು ಬಿಡುವುದೂ ಇಲ್ಲ. ಒಳಗೆ ಬಂದ ಪ್ರತಿಯೊಂದು ತಾಮ್ರದ ಪರಮಾಣುವೂ ಯಾವುದಾದರೊಂದು ಅಣುವಿನ ಕೈಯಲ್ಲಿರುತ್ತದೆ, ಒಂದರ ಕೈಯಿಂದ ಇನ್ನೊಂದರ ಕೈಗೆ ದಾಟುತ್ತದೆ. ಕ್ಯೂ-ಆರ್ ಆ ಕೈಗಳಲ್ಲೆಲ್ಲ ಅತ್ಯಂತ ಬಿಗಿಯಾದದ್ದು. ಸತು, ಕಬ್ಬಿಣಗಳ ವಿಷಯದಲ್ಲಿ ಕೋಶ ಇಷ್ಟು ನಿಷ್ಠುರವಾಗಿಲ್ಲ ಎನ್ನುವುದಕ್ಕೆ ಕಾರಣವೂ ಇದೆ. ಅವುಗಳಿಂದ ಕೋಶದೊಳಗೆ ನೂರಾರು ಕೆಲಸಗಳು ಆಗಬೇಕು. ಇ. ಕೋಲೈಗೆ ತಾಮ್ರವೂ ಬೇಕು, ಉಸಿರಾಟದ ಒಂದು ಮುಖ್ಯ ಕಿಣ್ವ ತಾಮ್ರವಿಲ್ಲದೆ ನಡೆಯುವುದಿಲ್ಲ. ಆದರೆ ಈ ಕೋಶಕ್ಕೆ ಎರಡು ಪೊರೆಗಳಿದ್ದು, ಅಂಥ ಕಿಣ್ವಗಳೆಲ್ಲ ಒಳಪೊರೆಯಲ್ಲಿಯೋ ಎರಡೂ ಪೊರೆಗಳ ನಡುವಿನ ಅಂತರದಲ್ಲಿಯೋ ಇವೆ. ಕೋಶದ ಒಳಗರ್ಭದಲ್ಲಿ ತಾಮ್ರದಿಂದ ಆಗಬೇಕಾದ ಕೆಲಸ ಯಾವುದೂ ಕಂಡುಬಂದಿಲ್ಲ. ಬೇಡದ ವಸ್ತುವಿಗೆ ಮಿತಿಯನ್ನು ಸೊನ್ನೆಯಲ್ಲಿ ಇಟ್ಟರೂ ನಷ್ಟವಿಲ್ಲ.

ಸೊನ್ನೆಯನ್ನು ಕಾಯುವ ಕಾವಲುಗಾರ ತಪ್ಪು ಗುರುತಿಸುವಂತಿಲ್ಲ. ಕೋಶದಲ್ಲಿ ಸತುವಿನ ಅಯಾನುಗಳು ಯಾವಾಗಲೂ ಇರುತ್ತವೆ, ಅವಕ್ಕೂ ಗಂಧಕದ ಮೇಲೆ ಒಲವಿದೆ. ಕ್ಯೂ-ಆರ್‌ನ ಒಳಗೆ ಹುದುಗಿರುವ ಪುಟ್ಟ ಕುಳಿಯಲ್ಲಿ, ಗಂಧಕವಿರುವ ಅಮೈನೋ ಆಮ್ಲವಾದ ಸಿಸ್ಟೀನ್ ಎರಡಿದ್ದು, ಅವುಗಳ ಗಂಧಕಗಳು ಎದುರುಬದುರಾಗಿ ನಿಂತಿವೆ. ನಡುವೆ ಒಂದೇ ಒಂದು ಲೋಹದ ಅಯಾನು, ಎರಡೂ ಬದಿಯ ಗಂಧಕಗಳೊಂದಿಗೆ ಒಂದೇ ಗೆರೆಯಲ್ಲಿ ಕೂರುವಷ್ಟು ಜಾಗ. ಆ ಕುಳಿ ಒಂದು ಧನಾವೇಶವಿರುವ ಅಯಾನನ್ನು ಒಪ್ಪುತ್ತದೆ, ಎರಡು ಧನಾವೇಶವಿರುವ ಸತು ಅಥವಾ ಪಾದರಸವನ್ನು ಒಪ್ಪುವುದಿಲ್ಲ. ಹೊರಗಿನ ಗಾಳಿ ನೀರಿನಲ್ಲಿ ಎರಡು ಆವೇಶ ಹೊತ್ತಿರುವ ತಾಮ್ರವು ಕೋಶದ ಒಳಗಿನ ವಾತಾವರಣದಲ್ಲಿ ಒಂದು ಆವೇಶಕ್ಕೆ ಇಳಿಯುತ್ತದೆ, ಆದ್ದರಿಂದ ಅದು ಸಿಕ್ಕಿಬೀಳುತ್ತದೆ. ಒಂದೇ ಆವೇಶದ ಬೆಳ್ಳಿ ಮತ್ತು ಚಿನ್ನದ ಅಯಾನುಗಳೂ ಈ ಕುಳಿಯಲ್ಲಿ ಕೂರಬಲ್ಲವು. ಬೆಳ್ಳಿ ಚಿನ್ನಗಳು ಕರುಳಿನಲ್ಲಿ ಸಿಗುವ ಸಂಭವ ಕಡಿಮೆ, ಸಿಕ್ಕರೂ ಅವು ವಿಷವೇ ಆದ್ದರಿಂದ ಆ ತಪ್ಪಿನಿಂದ ಬ್ಯಾಕ್ಟೀರಿಯಾಗೆ ತೊಂದರೆಯಿಲ್ಲ.

ಗುರುತಿಸಿದ ಸುದ್ದಿ ಡಿಎನ್ಎಗೆ ತಲುಪುವ ಬಗೆ ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ಸುಂದರವಾದ ಭಾಗ. ಒಂದು ಜೀನ್ ಕೆಲಸ ಶುರುಮಾಡಬೇಕಾದರೆ ಅದರ ಮುಂದಿನ ಚಾಲಕ ಭಾಗದಲ್ಲಿರುವ ಎರಡು ಗುರುತುಗಳನ್ನು ಆರ್‌ಎನ್‌ಎ ಪಾಲಿಮರೇಸ್ ಎಂಬ ಯಂತ್ರ ಒಟ್ಟಿಗೆ ಹಿಡಿಯಬೇಕು. ಸಾಮಾನ್ಯವಾಗಿ ಆ ಗುರುತುಗಳ ನಡುವೆ 17 ಅಕ್ಷರಗಳಷ್ಟು ಅಂತರವಿದ್ದರೆ ಹಿಡಿತ ಸಲೀಸು. ತಾಮ್ರವನ್ನು ಹೊರಹಾಕುವ ಜೀನ್‌ಗಳ ಮುಂದೆ ಈ ಅಂತರ 19 ಅಕ್ಷರ. ಡಿಎನ್ಎ ತಿರುಚಿಕೊಂಡ ಏಣಿಯಾಗಿರುವುದರಿಂದ, ಎರಡು ಅಕ್ಷರ ಹೆಚ್ಚಾದರೆ ದೂರ ಹೆಚ್ಚುವುದು ಮಾತ್ರವಲ್ಲ, ಎರಡನೆಯ ಗುರುತು ಬೇರೆ ದಿಕ್ಕಿಗೆ ಮುಖ ತಿರುಗಿಸಿ ನಿಲ್ಲುತ್ತದೆ. ಪಾಲಿಮರೇಸ್‌ನ ಕೈಗೆ ಅದು ಎಟಕುವುದಿಲ್ಲ. ಕ್ಯೂ-ಆರ್ ಆ ಅಂತರದ ಮೇಲೆಯೇ, ತಾಮ್ರ ಇರಲಿ ಬಿಡಲಿ, ಡಿಎನ್ಎಗೆ ಅಂಟಿಕೊಂಡು ಕುಳಿತಿರಬಲ್ಲದು. ತಾಮ್ರ ಬಂದು ಕುಳಿಯಲ್ಲಿ ಕೂತೊಡನೆ ಕ್ಯೂ-ಆರ್‌ನ ಆಕಾರ ಬದಲಾಗುತ್ತದೆ, ತಾನು ಹಿಡಿದಿದ್ದ ಡಿಎನ್ಎಯನ್ನು ಅದು ಬಾಗಿಸಿ ಅದರ ತಿರುಚನ್ನು ಸಡಿಲಿಸುತ್ತದೆ, ಮುಖ ತಿರುಗಿಸಿದ್ದ ಗುರುತು ಸರಿಯಾದ ದಿಕ್ಕಿಗೆ ಬರುತ್ತದೆ, ಪಾಲಿಮರೇಸ್ ಎರಡನ್ನೂ ಹಿಡಿದು ಕೆಲಸ ಆರಂಭಿಸುತ್ತದೆ. ಪಾದರಸವನ್ನು ಗುರುತಿಸುವ ಮರ್-ಆರ್ ಎಂಬ ಪ್ರೋಟೀನಿನಲ್ಲಿ ಈ ಉಪಾಯವನ್ನು ವಿಜ್ಞಾನಿಗಳು ಮೊದಲು ಬಿಡಿಸಿದ್ದರಿಂದ, ಕ್ಯೂ-ಆರ್ ಸೇರಿದಂತೆ ಇಡೀ ಕುಟುಂಬಕ್ಕೆ ಅದರ ಹೆಸರೇ ಉಳಿದಿದೆ. ಹೊರಗಿನ ಯಾವ ಸಂದೇಶವಾಹಕವೂ ಇಲ್ಲ, ಹಂತಹಂತದ ವರದಿಯೂ ಇಲ್ಲ. ವಿಷವನ್ನು ಮುಟ್ಟಿದ ಕೈಯೇ ಬೀಗವನ್ನೂ ತಿರುಗಿಸುತ್ತದೆ.

ತೆರೆದ ಬೀಗವನ್ನು ಮತ್ತೆ ಹಾಕುವುದೂ ಅಷ್ಟೇ ಮುಖ್ಯ. ತಾಮ್ರವನ್ನು ಇಷ್ಟು ಬಿಗಿಯಾಗಿ ಹಿಡಿಯುವ ಪ್ರೋಟೀನ್ ಅದನ್ನು ಬೇಗ ಬಿಡಲಾರದು, ಹಾಗಾದರೆ ಅಪಾಯ ಕಳೆದ ಮೇಲೂ ಜೀನ್‌ಗಳು ಓಡುತ್ತಲೇ ಇರಬೇಕಲ್ಲವೇ? ಕಾರ್ನೆಲ್ ವಿಶ್ವವಿದ್ಯಾಲಯದ ಪೆಂಗ್ ಚೆನ್ ಅವರ ತಂಡ ಒಂದೊಂದೇ ಅಣುವನ್ನು ಬೆಳಕಿನಲ್ಲಿ ಹಿಂಬಾಲಿಸಿ 2012ರಲ್ಲಿ ಕೊಟ್ಟ ಉತ್ತರ ಸರಳವಾಗಿತ್ತು. ತಾಮ್ರವಿಲ್ಲದ ಇನ್ನೊಂದು ಕ್ಯೂ-ಆರ್ ಬಂದು, ತಾಮ್ರ ಹೊತ್ತು ಕುಳಿತಿರುವ ಕ್ಯೂ-ಆರ್ ಅನ್ನು ಡಿಎನ್ಎಯಿಂದ ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುತ್ತದೆ, ಅಥವಾ ಅದು ಎದ್ದುಹೋಗುವಂತೆ ಮಾಡುತ್ತದೆ. ತಾಮ್ರ ಬಿಡುಗಡೆಯಾಗುವುದನ್ನು ಕಾಯಬೇಕಿಲ್ಲ.

ಬೀಗ ತೆರೆದಾಗ ತಯಾರಾಗುವ ಪ್ರೋಟೀನ್‌ಗಳು ಮುಖ್ಯವಾಗಿ ಎರಡು. ಮೊದಲನೆಯದು ಕಾಪ್-ಎ ಎಂಬ ಪಂಪು. ಇದು ಒಳಪೊರೆಯಲ್ಲಿ ಕುಳಿತು, ಕೋಶದ ಇಂಧನವಾದ ಎಟಿಪಿಯನ್ನು ಖರ್ಚುಮಾಡಿ, ತಾಮ್ರವನ್ನು ಒಳಗರ್ಭದಿಂದ ಎರಡು ಪೊರೆಗಳ ನಡುವಿನ ಅಂತರಕ್ಕೆ ದಬ್ಬುತ್ತದೆ. ಇದೇ ವಂಶದ ಪಂಪುಗಳು ನಮ್ಮ ದೇಹದಲ್ಲಿಯೂ ಇವೆ. ಯಕೃತ್ತಿನಲ್ಲಿರುವ ಅಂಥ ಒಂದು ಪಂಪು ಹುಟ್ಟಿನಿಂದಲೇ ಕೆಟ್ಟಿದ್ದರೆ ತಾಮ್ರ ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ಶೇಖರವಾಗಿ ವಿಲ್ಸನ್ ಕಾಯಿಲೆ ಬರುತ್ತದೆ. ಅದರ ಸೋದರ ಪಂಪು ಕೆಟ್ಟರೆ ಮಗುವಿನ ದೇಹಕ್ಕೆ ತಾಮ್ರ ತಲುಪದೆ ಮೆಂಕಿಸ್ ಕಾಯಿಲೆ. ಇ. ಕೋಲೈನ ಕಾಪ್-ಎ ಮತ್ತು ಮನುಷ್ಯನ ಈ ಎರಡು ಪಂಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತಾಮ್ರವನ್ನು ಹಿಡಿಯುವ ಸಿಸ್ಟೀನ್ ಜೋಡಿಗಳು ಕಣ್ಣಿಗೆ ಹೊಡೆಯುವಂತೆ ಹೋಲುತ್ತವೆ. ಎರಡನೆಯ ಪ್ರೋಟೀನ್ ಕ್ಯೂ-ಓ. ಇದು ಪೊರೆಗಳ ನಡುವಿನ ಅಂತರದಲ್ಲಿದ್ದು, ಪಂಪಿನಿಂದ ಹೊರಬಂದ ತಾಮ್ರವನ್ನು ಆಮ್ಲಜನಕದ ಸಹಾಯದಿಂದ ಮತ್ತೆ ಎರಡು ಆವೇಶದ ರೂಪಕ್ಕೆ ಏರಿಸುತ್ತದೆ. ಆ ರೂಪದಲ್ಲಿ ತಾಮ್ರಕ್ಕೆ ಒಳಪೊರೆಯನ್ನು ದಾಟುವುದು ಕಷ್ಟ.

ಆದರೆ ಇ. ಕೋಲೈ ಬಾಳುವುದು ಕರುಳಿನಲ್ಲಿ, ಅಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಕ್ಯೂ-ಓ ಅಲ್ಲಿ ಕೆಲಸಕ್ಕೆ ಬಾರದು, ಮೇಲಾಗಿ ತಾಮ್ರವು ಆಮ್ಲಜನಕವಿಲ್ಲದ ಕಡೆ ಒಂದು ಆವೇಶದ ಹೆಚ್ಚು ವಿಷಕಾರಿ ರೂಪದಲ್ಲಿಯೇ ಉಳಿಯುತ್ತದೆ. ಅದಕ್ಕಾಗಿ ಇನ್ನೊಂದು ಕಾವಲು ಇದೆ, ಕಸ್ ಎಂಬ ಹೆಸರಿನದು. ಇದರ ನಡೆ ಬೇರೆ. ಕಸ್-ಎಸ್ ಎಂಬ ಪ್ರೋಟೀನ್ ಒಳಪೊರೆಯಲ್ಲಿ ನಾಟಿಕೊಂಡು, ತನ್ನ ಒಂದು ಭಾಗವನ್ನು ಹೊರಗಿನ ಅಂತರಕ್ಕೆ ಚಾಚಿರುತ್ತದೆ. ಅಲ್ಲಿ ತಾಮ್ರವೋ ಬೆಳ್ಳಿಯೋ ತಗುಲಿದರೆ ಒಳಬದಿಯಲ್ಲಿ ತನಗೇ ಒಂದು ಫಾಸ್ಫೇಟ್ ಅಂಟಿಸಿಕೊಂಡು, ಅದನ್ನು ಕಸ್-ಆರ್ ಎಂಬ ಜೊತೆಗಾರನಿಗೆ ದಾಟಿಸುತ್ತದೆ. ಕಸ್-ಆರ್ ಡಿಎನ್ಎಗೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಆಗ ಕಟ್ಟಲ್ಪಡುವ ಯಂತ್ರ ಎರಡೂ ಪೊರೆಗಳನ್ನು ತೂರಿ ನಿಲ್ಲುವ ಒಂದು ಉದ್ದನೆಯ ಕೊಳವೆ: ಒಳಪೊರೆಯಲ್ಲಿ ಮೂರು ಪ್ರೋಟೀನ್‌ಗಳ ಪಂಪು, ಹೊರಪೊರೆಯಲ್ಲಿ ಮೂರರ ನಾಳ, ನಡುವೆ ಬೆಸುಗೆಯಾಗಿ ಆರು. ಅಂತರದಲ್ಲಿ ಅಲೆಯುವ ತಾಮ್ರವನ್ನು ಹಿಡಿದು ತಂದು ಈ ಕೊಳವೆಗೆ ಒಪ್ಪಿಸುವ ಪುಟ್ಟ ಪ್ರೋಟೀನ್ ಇನ್ನೊಂದಿದೆ. ಅಂಗಳಕ್ಕೆ ಬಂದದ್ದನ್ನು ಬೇಲಿಯಾಚೆಗೇ ಎಸೆಯುವ ವ್ಯವಸ್ಥೆಯಿದು. ಗಾಳಿಯಿರುವಾಗ ಕ್ಯೂ-ಆರ್‌ನ ವ್ಯವಸ್ಥೆ, ಗಾಳಿಯಿಲ್ಲದಾಗ ಕಸ್ ಹೆಚ್ಚಿನ ಭಾರ ಹೊರುತ್ತದೆ ಎಂಬುದನ್ನು ಒ'ಹ್ಯಾಲರನ್ ಅವರ ತಂಡವೇ 2001ರಲ್ಲಿ ತೋರಿಸಿತ್ತು.

ಇಷ್ಟೆಲ್ಲ ರಕ್ಷಣೆಯಿರುವ ಬ್ಯಾಕ್ಟೀರಿಯಾ ನಮ್ಮ ತಾಮ್ರದ ಕೊಡದಲ್ಲಿ ಏಕೆ ಸಾಯುತ್ತದೆ? ಸಾಯುತ್ತದೆ ಎಂಬುದನ್ನು ಬೆಂಗಳೂರಿನಲ್ಲಿಯೇ ಪರೀಕ್ಷಿಸಿ ನೋಡಲಾಗಿದೆ. ಸ್ಥಳೀಯ ಆರೋಗ್ಯ ಪರಂಪರೆಗಳ ಮೇಲೆ ಕೆಲಸ ಮಾಡುವ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು, ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನೂ ಇ. ಕೋಲೈಯನ್ನೂ ಕುಡಿಯುವ ನೀರಿಗೆ ಬೆರೆಸಿ ತಾಮ್ರದ ಪಾತ್ರೆಯಲ್ಲಿ ಕೋಣೆಯ ಉಷ್ಣತೆಯಲ್ಲಿ 16 ಗಂಟೆ ಇಟ್ಟರು. ಆ ಮೇಲೆ ಯಾವ ಬ್ಯಾಕ್ಟೀರಿಯಾವೂ ಬೆಳೆದು ಬರಲಿಲ್ಲ. ಆ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ನೀರಿಗೆ ಇಳಿದಿದ್ದ ತಾಮ್ರ ಲೀಟರಿಗೆ ಸುಮಾರು 177 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ, ಅಂದರೆ ಇದರ ಹತ್ತುಪಟ್ಟಿಗೂ ಹೆಚ್ಚು. ನನ್ನ ತಟ್ಟೆಗಳಲ್ಲಿ ನೂರಾರು ಪಟ್ಟು ತಾಮ್ರವಿದ್ದರೂ ನಗುನಗುತ್ತ ಬೆಳೆದ ಬ್ಯಾಕ್ಟೀರಿಯಾ ಕೊಡದ ನೀರಿನಲ್ಲಿ ಉಳಿಯಲಿಲ್ಲ.

ಕೊಡದ ನೀರಿನಲ್ಲಿ ತಾಮ್ರವನ್ನು ಹಿಡಿದಿಡುವ ಸಾರು ಇಲ್ಲ ಎಂಬುದು ಒಂದು ಕಾರಣ. ಕೊಡದ ಗೋಡೆಗೆ ತಗುಲಿದ ಕೋಶ ಎದುರಿಸುವ ತಾಮ್ರ ನೀರಿನ ಸರಾಸರಿಗಿಂತ ಬಹಳ ಹೆಚ್ಚು ಎಂಬುದು ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಇವೆರಡರಷ್ಟೇ ಮುಖ್ಯವಾದದ್ದು ಹಸಿವು. ಕ್ಯೂ-ಆರ್ ತಾಮ್ರವನ್ನು ಗುರುತಿಸುವುದು ನಿಮಿಷಗಳ ಮಾತು, ಆದರೆ ಗುರುತಿಸಿದ ಮೇಲೆ ಪಂಪು ಕಟ್ಟಲು ಅಮೈನೋ ಆಮ್ಲ ಬೇಕು, ಕಟ್ಟಿದ ಪಂಪು ಓಡಲು ಎಟಿಪಿ ಬೇಕು. ಬರಿಯ ನೀರಿನಲ್ಲಿ ಉಪವಾಸವಿರುವ ಕೋಶಕ್ಕೆ ಅವೆರಡೂ ಇಲ್ಲ. ಜೊತೆಗೆ ಅಮೈನೋ ಆಮ್ಲ ತಯಾರಿಸುವ ಕಿಣ್ವಗಳೇ ತಾಮ್ರದ ಮೊದಲ ಬಲಿಗಳು ಎಂಬುದನ್ನು ನೆನೆದರೆ, ಎಚ್ಚರಿಕೆಯ ಗಂಟೆ ಬಾರಿಸಿದರೂ ಓಡಿಬರುವವರಿಲ್ಲದ ಸ್ಥಿತಿ ಕಣ್ಣಿಗೆ ಕಟ್ಟುತ್ತದೆ. ಇದನ್ನು ಓದಿ ಯಾರೂ ಹುಳಿ ಮಜ್ಜಿಗೆಯನ್ನೋ ನಿಂಬೆ ಪಾನಕವನ್ನೋ ತಾಮ್ರದ ಪಾತ್ರೆಯಲ್ಲಿ ಇಡಬಾರದು. ಹುಳಿ ತಾಮ್ರವನ್ನು ಕರಗಿಸುತ್ತದೆ, ಅದನ್ನು ಅರಿತೇ ನಮ್ಮ ಹಿರಿಯರು ಅಡುಗೆಯ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದರು, ನೀರಿನ ಕೊಡಕ್ಕೆ ಮಾತ್ರ ಹುಣಸೆಹಣ್ಣು ಹಾಕಿ ಉಜ್ಜಿ ಕಿಲುಬು ತೆಗೆದು ತೊಳೆಯುತ್ತಿದ್ದರು.

ನಮ್ಮ ದೇಹವೂ ತಾಮ್ರವನ್ನು ಅಸ್ತ್ರವಾಗಿ ಬಳಸುತ್ತದೆ. ರೋಗಾಣುವನ್ನು ನುಂಗಿದ ಬಿಳಿ ರಕ್ತಕಣವು, ಅದನ್ನು ಸೆರೆಯಿಟ್ಟ ಕೋಣೆಗೆ ಮೆಂಕಿಸ್ ಕಾಯಿಲೆಯಲ್ಲಿ ಕೆಡುವ ಆ ಪಂಪಿನ ಮೂಲಕವೇ ತಾಮ್ರ ತುಂಬಿಸುತ್ತದೆ. ಕ್ಷಯದ ಬ್ಯಾಕ್ಟೀರಿಯಾಗೂ ತಾಮ್ರವನ್ನು ಗುರುತಿಸಿ ಹೊರಹಾಕುವ ತನ್ನದೇ ಜೀನ್‌ಗಳಿವೆ.

ಈವರೆಗೆ ಹೇಳಿದ್ದು ಇ. ಕೋಲೈ ತನ್ನ ವರ್ಣತಂತುವಿನಲ್ಲಿ ಹೊತ್ತುಬಂದಿರುವ ಆಸ್ತಿ. ಮನುಷ್ಯರು ತಾಮ್ರವನ್ನು ಚೀಲಗಟ್ಟಲೆ ಸುರಿದ ಕಡೆಗಳಲ್ಲಿ ಬ್ಯಾಕ್ಟೀರಿಯಾಗಳು ಹೊಸ ಆಸ್ತಿಯನ್ನೂ ಗಳಿಸಿಕೊಂಡಿವೆ. ಆಸ್ಟ್ರೇಲಿಯಾದಲ್ಲಿ ಹಂದಿಗಳು ಬೇಗ ಬೆಳೆಯಲೆಂದು ಮೇವಿಗೆ ತಾಮ್ರದ ಸಲ್ಫೇಟ್ ಬೆರೆಸುತ್ತಿದ್ದ ಸಾಕಣೆಯೊಂದರ ಕೊಚ್ಚೆಯಿಂದ ಹೊರತೆಗೆದ ಇ. ಕೋಲೈ, ಒಂದು ಪ್ಲಾಸ್ಮಿಡ್‌ನ ಮೇಲೆ ಹೆಚ್ಚುವರಿ ತಾಮ್ರ ನಿರೋಧಕ ಜೀನ್‌ಗಳ ಗುಂಪನ್ನೇ ಹೊತ್ತಿತ್ತು ಎಂದು 1983ರಲ್ಲಿ ವರದಿಯಾಯಿತು. ಪ್ಲಾಸ್ಮಿಡ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಡಿಎನ್ಎಯ ಉಂಗುರ. ಡೆನ್ಮಾರ್ಕಿನ ಹಂದಿಗಳಲ್ಲಿ ಕಂಡದ್ದು ನನಗೆ ಇದಕ್ಕಿಂತ ಹೆಚ್ಚು ಆತಂಕ ತಂದಿದೆ. ಅಲ್ಲಿ ಎಂಟರೊಕಾಕಸ್ ಎಂಬ ಬ್ಯಾಕ್ಟೀರಿಯಾದಲ್ಲಿ ತಾಮ್ರವನ್ನು ಸಹಿಸುವ ಜೀನ್, ಆಂಟಿಬಯೋಟಿಕ್‌ಗಳನ್ನು ಸಹಿಸುವ ಜೀನ್‌ಗಳೊಂದಿಗೆ ಒಂದೇ ಪ್ಲಾಸ್ಮಿಡ್‌ನಲ್ಲಿ ಜೊತೆಯಾಗಿತ್ತು ಎಂದು 2002ರಲ್ಲಿ ಹಾಸ್ಮನ್ ಮತ್ತು ಆರೆಸ್ಟ್ರಪ್ ತೋರಿಸಿದರು. ಆಂಟಿಬಯೋಟಿಕ್ ನಿಲ್ಲಿಸಿದರೂ ಮೇವಿನ ತಾಮ್ರವೊಂದೇ ಸಾಕು, ಆ ಜೋಡಿಯನ್ನು ಉಳಿಸಿಕೊಂಡ ಬ್ಯಾಕ್ಟೀರಿಯಾಕ್ಕೆ ಮೇಲುಗೈ ಸಿಗುತ್ತದೆ.

ತೋಟದ ಕಡೆಗೂ ಇದು ಬಂದಿದೆ. ಕೊಳೆರೋಗಕ್ಕೆ ಕಾರಣವಾದ ಫೈಟಾಫ್ಥೊರಾ ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರದಂಥ ಜೀವಿ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದರ ಮೇಲೆ 1910ರಲ್ಲಿ ವರದಿ ಪ್ರಕಟಿಸಿದ ಕಾಲದಿಂದ ಇಂದಿನವರೆಗೂ ಬೋರ್ಡೋ ದ್ರಾವಣ ಅದರ ಮೇಲೆ ಕೆಲಸ ಮಾಡುತ್ತಲೇ ಬಂದಿದೆ. ಬ್ಯಾಕ್ಟೀರಿಯಾದಿಂದ ಬರುವ ಬೆಳೆರೋಗಗಳ ಕಥೆ ಬೇರೆ. ಅಮೆರಿಕದ ಫ್ಲಾರಿಡಾ, ಕ್ಯಾಲಿಫೋರ್ನಿಯಾಗಳಲ್ಲಿ ಟೊಮೆಟೊ ಮತ್ತು ಮೆಣಸಿನ ಗಿಡಗಳ ಎಲೆಚುಕ್ಕೆ ತರುವ ಬ್ಯಾಕ್ಟೀರಿಯಾಗಳು ತಾಮ್ರದ ಸಿಂಪಡಣೆಗೆ ಜಗ್ಗದಿರುವುದು 1980ರ ದಶಕದಲ್ಲಿಯೇ ಕಂಡುಬಂತು. ಕ್ಯಾಲಿಫೋರ್ನಿಯಾದ ಡೊನಾಲ್ಡ್ ಕುಕ್ಸಿ ಅವರು ಅಂಥ ಒಂದು ಬ್ಯಾಕ್ಟೀರಿಯಾವನ್ನು ತಾಮ್ರವಿರುವ ತಟ್ಟೆಯಲ್ಲಿ ಬೆಳೆಸಿದಾಗ ಅದರ ಗುಂಪುಗಳು ನೀಲಿ ಬಣ್ಣಕ್ಕೆ ತಿರುಗಿದವು. ಅದು ತಾಮ್ರವನ್ನು ಬೇಲಿಯಾಚೆ ಎಸೆಯುವ ಬದಲು, ಪೊರೆಗಳ ನಡುವಿನ ಅಂತರದಲ್ಲಿ ವಿಶೇಷ ಪ್ರೋಟೀನ್‌ಗಳ ಮೇಲೆ ಸಾಲುಸಾಲಾಗಿ ಕಟ್ಟಿಹಾಕಿ ಶೇಖರಿಸುತ್ತಿತ್ತು. ಶೇಖರವಾದ ತಾಮ್ರವೇ ನೀಲಿಯಾಗಿ ಕಾಣುತ್ತಿತ್ತು. ಬಾಗಲಕೋಟೆ, ವಿಜಯಪುರ, ಕೊಪ್ಪಳಗಳ ದಾಳಿಂಬೆ ಬೆಳೆಗಾರರು ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಅಂಗಮಾರಿ ರೋಗಕ್ಕೆ ತಾಮ್ರದ ಆಕ್ಸಿಕ್ಲೋರೈಡ್ ಮತ್ತು ಸ್ಟ್ರೆಪ್ಟೊಮೈಸಿನ್ ಕೂಡಿಸಿ ಹೊಡೆಯುವುದನ್ನು ನೋಡಿದಾಗಲೆಲ್ಲ ನನಗೆ ಡೆನ್ಮಾರ್ಕಿನ ಆ ಪ್ಲಾಸ್ಮಿಡ್ ನೆನಪಾಗುತ್ತದೆ. ಲೋಹ ಮತ್ತು ಆಂಟಿಬಯೋಟಿಕ್ ಎರಡನ್ನೂ ಒಂದೇ ಗಿಡದ ಮೇಲೆ ಪದೇಪದೇ ಹೊಡೆಯುವುದು, ಎರಡಕ್ಕೂ ಜಗ್ಗದ ಬ್ಯಾಕ್ಟೀರಿಯಾವನ್ನು ನಾವೇ ಆರಿಸಿ ಬೆಳೆಸಿದಂತೆ ಎಂದು ನಾನು ಸ್ಪಷ್ಟವಾಗಿ ನಂಬಿದ್ದೇನೆ.

ಉಳಿದದ್ದು ಮಣ್ಣು. ತಾಮ್ರ ಕೊಳೆಯುವ ವಸ್ತುವಲ್ಲ. ಕೊನೆಯಿಂದ ತೊಳೆದುಹೋದದ್ದು ಬುಡಕ್ಕೆ ಬಂದು ಸೇರುತ್ತದೆ. 1885ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಈ ದ್ರಾವಣವನ್ನು ಜಗತ್ತಿಗೆ ಪರಿಚಯಿಸಿದ, ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ಒಂದು ಶತಮಾನಕ್ಕೂ ಮೀರಿದ ತಾಮ್ರ ಕೂತಿದೆ. ಆದರೆ ಮಣ್ಣಿನ ಪರೀಕ್ಷೆಯ ವರದಿಯಲ್ಲಿ ಬರುವ ಒಟ್ಟು ತಾಮ್ರದ ಸಂಖ್ಯೆ ನನ್ನ ಹಳೆಯ ಬಾಟಲಿಯ ಮೇಲಿನ ಸಂಖ್ಯೆಯಂತೆಯೇ, ಅಲ್ಲಿರುವ ಜೀವಿಗಳು ಎದುರಿಸುವುದನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ವಿಜ್ಞಾನಿಗಳು ಬ್ಯಾಕ್ಟೀರಿಯಾದ ಕಾವಲನ್ನೇ ಎರವಲು ಪಡೆದಿದ್ದಾರೆ. ತಾಮ್ರ ಕಂಡಾಗ ತೆರೆಯುವ ಬೀಗದ ಹಿಂದೆ ಪಂಪಿನ ಜೀನ್ ಬದಲು ಬೆಳಕು ಬೀರುವ ಜೀನ್‌ಗಳನ್ನು ಜೋಡಿಸಿ, ಆ ಬ್ಯಾಕ್ಟೀರಿಯಾವನ್ನು ಮಣ್ಣು ಕದಡಿದ ನೀರಿಗೆ ಬಿಟ್ಟು, ಕತ್ತಲೆಯಲ್ಲಿ ಹೊಮ್ಮುವ ಬೆಳಕನ್ನು ಉಪಕರಣದಿಂದ ಅಳೆಯುತ್ತಾರೆ. ಒಟ್ಟು ತಾಮ್ರ ಸಮನಾಗಿರುವ ಎರಡು ಮಣ್ಣುಗಳಲ್ಲಿ ಬೆಳಕು ಸಮನಾಗಿರಬೇಕಿಲ್ಲ. ಹುಳಿಮಣ್ಣಿನಲ್ಲಿ ಹೆಚ್ಚು ತಾಮ್ರ ಬಿಡಿಯಾಗಿರುತ್ತದೆ, ಸುಣ್ಣ ಕಂಡ ಮಣ್ಣಿನಲ್ಲಿ ಕಡಿಮೆ. ಸೊಪ್ಪು, ದರಗು, ಕೊಟ್ಟಿಗೆ ಗೊಬ್ಬರ ವರ್ಷವರ್ಷವೂ ಬಿದ್ದು ಕಪ್ಪಾದ ಮಣ್ಣು ತಾಮ್ರವನ್ನು ತನ್ನೊಳಗೆ ಬಿಗಿಯಾಗಿ ಹಿಡಿದಿಡುತ್ತದೆ, ಆ ಮಣ್ಣಿನ ನೀರಿನಲ್ಲಿ ಬ್ಯಾಕ್ಟೀರಿಯಾದ ಬೆಳಕು ಮಂಕಾಗಿರುತ್ತದೆ. ನಮ್ಮ ತೋಟಕ್ಕೆ ಅಪ್ಪಯ್ಯ ಬೆಟ್ಟದ ಸೊಪ್ಪು ತಂದು ಹಾಸುವುದನ್ನು ಮೈಲುತುತ್ತದಷ್ಟೇ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದಿದ್ದಾರೆ. ಈ ವರ್ಷ ಮಳೆಗಾಲ ಮುಗಿದ ಮೇಲೆ ಸೊಪ್ಪು ಬೀಳುವ ಮರಸಾಲಿನಿಂದ ಒಂದು, ಸೊಪ್ಪು ಕಾಣದ ಅಂಚಿನಿಂದ ಒಂದು, ಹೀಗೆ ಎರಡು ಹಿಡಿ ಮಣ್ಣನ್ನು ಬೇರೆ ಬೇರೆ ಚೀಲಗಳಲ್ಲಿ ಕಟ್ಟಿ ತಂದಿಟ್ಟುಕೊಂಡಿದ್ದೇನೆ.